ಬೋರ್ಡಿಂಗ್ ಪಾಸ್ ಬಿಸಾಕಬೇಡಿ: ಅಡಿಕೆ ಹಾಳೆ ತಟ್ಟೆ ಹೊತ್ತು ಫ್ರಾಂಕ್‌ಫರ್ಟ್‌ಗೆ ಹೋಗಿ ಬಂದ ನನ್ನ ಅನುಭವ

ವಾರಕ್ಕೊಬ್ಬರಾದರೂ ಫೋನ್ ಮಾಡುತ್ತಾರೆ. "ಅಕ್ಕಾ, ನಿಮ್ಮನ್ನ ಸರ್ಕಾರದವರು ಫ್ರೀಯಾಗಿ ಜರ್ಮನಿಗೆ ಕಳಿಸಿದ್ರಂತಲ್ಲ, ನಮಗೂ ಸ್ವಲ್ಪ ದಾರಿ ಹೇಳಿ."

ಫ್ರೀ ಅನ್ನುವ ಮಾತು ಎಲ್ಲಿ ಹುಟ್ಟಿತೋ ಏನೋ. ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅಡಿಕೆ ಹಾಳೆ ತಟ್ಟೆ ಹಿಡಿದುಕೊಂಡು ಫ್ರಾಂಕ್‌ಫರ್ಟ್‌ನ ವ್ಯಾಪಾರ ಮೇಳಕ್ಕೆ ಹೋಗಿ ಬರಲು ನನ್ನ ಕೈಯಿಂದ ಹೋದದ್ದು 6 ಲಕ್ಷ 57 ಸಾವಿರ ರೂಪಾಯಿ. ಅದರಲ್ಲಿ ಎರಡು ಲಕ್ಷ ಬಳೆ ಅಡವಿಟ್ಟು ತಂದದ್ದು. ಮೇಳದ ಸಬ್ಸಿಡಿ ಅಂತ ವಾಪಸ್ ಬಂದದ್ದು 3 ಲಕ್ಷ 71 ಸಾವಿರ, ಅದೂ ಮೇಳ ಮುಗಿದು ಹನ್ನೊಂದು ತಿಂಗಳ ಮೇಲೆ. ಬಂತು, ಸುಳ್ಳು ಹೇಳುವುದಿಲ್ಲ, ಒಂದು ಪೈಸೆ ಯಾರಿಗೂ ಕೊಡದೆ ಬಂತು. ಆದರೆ ಹನ್ನೊಂದು ತಿಂಗಳು ಬಡ್ಡಿ ಕಟ್ಟಿದವಳು ನಾನು. ಆದ್ದರಿಂದ ಸಬ್ಸಿಡಿ ನಂಬಿ ಹೊರಡುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಆ ದುಡ್ಡು ಬರಲೇ ಇಲ್ಲ ಅಂತಿಟ್ಟುಕೊಳ್ಳಿ, ಆಗಲೂ ಹೋಗುತ್ತೀರಾ?

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಮನೆ. 2016ರಲ್ಲಿ ಪಿಎಂಇಜಿಪಿ ಅನ್ನುವ ಕೇಂದ್ರ ಸರ್ಕಾರದ ಸ್ವಉದ್ಯೋಗ ಯೋಜನೆಯ ಸಾಲದಲ್ಲಿ ತಟ್ಟೆ ಒತ್ತುವ ಎರಡು ಪ್ರೆಸ್ ಹಾಕಿ ಹಾಳೆ ತಟ್ಟೆ ಶುರು ಮಾಡಿದೆ. ಹಳ್ಳಿ, ಅದರಲ್ಲೂ ಹೆಂಗಸಿನ ಹೆಸರಲ್ಲಿ ಘಟಕ ಅಂತ 35 ಪರ್ಸೆಂಟ್ ಸಬ್ಸಿಡಿ ಸಿಕ್ಕಿತ್ತು. ಈಗ ಆರು ಪ್ರೆಸ್ ಇವೆ, ಒಂಬತ್ತು ಜನ ಕೆಲಸಕ್ಕೆ ಬರುತ್ತಾರೆ. ಕೆಲಸ ಹೊರಗಿನವರಿಗೆ ಸುಲಭ ಕಾಣುತ್ತದೆ. ಅಡಿಕೆ ಮರದಿಂದ ತಾನಾಗಿ ಉದುರಿದ ಹಾಳೆ, ಅಂದರೆ ಸೋಗೆಯ ಬುಡದ ಅಗಲ ಪೊರೆ, ಅದನ್ನು ಆರಿಸಿ, ತೊಳೆದು, ನೆನೆಸಿ, ಬಿಸಿ ಡೈ (ಅಚ್ಚು) ಮೇಲೆ ಇಟ್ಟು ಒತ್ತಿದರೆ ತಟ್ಟೆ. ಕಷ್ಟ ಇರುವುದು ಮಳೆಗಾಲದಲ್ಲಿ. ಜನವರಿಯಿಂದ ಮೇ ತನಕ ಬಿದ್ದ ಹಾಳೆಯನ್ನು ಒಣಗಿಸಿ ಅಟ್ಟಕ್ಕೆ ತುಂಬಿಕೊಳ್ಳದಿದ್ದರೆ ಜೂನ್ ಆದಮೇಲೆ ಕೆಲಸವೇ ಇಲ್ಲ. ತುಂಬಿಕೊಂಡದ್ದರಲ್ಲಿ ಸ್ವಲ್ಪ ಪಸೆ ಉಳಿದಿದ್ದರೂ ಬೂಸ್ಟು ಹಿಡಿಯುತ್ತದೆ.

ಮೊದಲೆಲ್ಲ ಬೆಂಗಳೂರಿನ ಒಬ್ಬ ವ್ಯಾಪಾರಿ ಎಲ್ಲವನ್ನೂ ಎತ್ತಿಕೊಂಡು ಹೋಗುತ್ತಿದ್ದರು. ಅವರು ಅಮೆರಿಕಕ್ಕೂ ಯುರೋಪಿಗೂ ಕಳಿಸುತ್ತಿದ್ದರು. ಯುರೋಪಿಯನ್ ಯೂನಿಯನ್‌ನವರು 2021ರ ಜುಲೈ 3ರಿಂದ ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾ ಮಾರುವುದನ್ನು ನಿಲ್ಲಿಸಿದರು. ಅದಾದ ಮೇಲೆ ಆ ವ್ಯಾಪಾರಿಯ ಆರ್ಡರ್ ಹೆಚ್ಚಿತು, ನಮ್ಮ ದರ ಮಾತ್ರ ಅಲ್ಲೇ ಉಳಿಯಿತು. ಒಂದು ದಿನ ನನ್ನ ಮಗ ಜರ್ಮನಿಯ ಒಂದು ಆನ್‌ಲೈನ್ ಅಂಗಡಿ ತೆರೆದು ತೋರಿಸಿದ. ನಾವು ಮೂರೂವರೆ ರೂಪಾಯಿಗೆ ಕೊಡುವಂಥದೇ ತಟ್ಟೆ, ಅದೇ ಚೌಕ, ಅದೇ ಅಂಚು, 25ರ ಕಟ್ಟಿಗೆ ಹನ್ನೆರಡು ಯೂರೋ. ಆ ರಾತ್ರಿ ನಿದ್ದೆ ಬರಲಿಲ್ಲ. ಸಾಗಣೆ, ಸುಂಕ, ಗೋದಾಮು, ಅವರವರ ಲಾಭ ಎಲ್ಲ ಕಳೆದರೂ ಏನೋ ಉಳಿಯುತ್ತದಲ್ಲ ಅಂತ ಲೆಕ್ಕ ಹಾಕುತ್ತ ಬಿದ್ದುಕೊಂಡಿದ್ದೆ.

ಕಾಗದದ ಕೆಲಸ ಶುರುವಾದದ್ದು 2022ರಲ್ಲಿ. ಸಣ್ಣ ಘಟಕದವರು ಮಾಡಿಸುವ ಉದ್ಯಮ್ ನೋಂದಣಿಗೆ ದುಡ್ಡಿಲ್ಲ, ಮೊಬೈಲಿನಲ್ಲೇ ಆಗುತ್ತದೆ. ಅದಕ್ಕೂ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ರಫ್ತಿಗೆ ಬೇಕಾದ ಐಇಸಿ ನಂಬರ್‌ಗೆ ವಿದೇಶ ವ್ಯಾಪಾರ ನಿರ್ದೇಶನಾಲಯದ (ಡಿಜಿಎಫ್‌ಟಿ) ವೆಬ್‌ಸೈಟಿನಲ್ಲಿ 500 ರೂಪಾಯಿ. ಆಮೇಲೆ ಆರ್‌ಸಿಎಂಸಿ, ಅಂದರೆ ಯಾವುದಾದರೂ ರಫ್ತು ಉತ್ತೇಜನ ಮಂಡಳಿಯ ಸದಸ್ಯತ್ವದ ಪತ್ರ. ಇಲ್ಲಿ ನಾನು ಒಂದು ತಿಂಗಳು ಒದ್ದಾಡಿದೆ. ಎಂಜಿನಿಯರಿಂಗ್‌ಗೆ ಒಂದು ಮಂಡಳಿ, ಕರಕುಶಲಕ್ಕೆ ಒಂದು, ಕೃಷಿ ಪದಾರ್ಥಕ್ಕೆ ಒಂದು. ಹಾಳೆ ತಟ್ಟೆ ಯಾವುದರ ಮಗು? ಒಬ್ಬರನ್ನು ಕೇಳಿದರೆ ನಮ್ಮದಲ್ಲ ಅಂದರು, ಇನ್ನೊಬ್ಬರು ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಮಾಲನ್ನು ಗುರುತಿಸುವ ಸಂಖ್ಯೆ) ಕೇಳಿದರು, ನನಗೆ ಆಗ ಅದೇನೆಂದೇ ತಿಳಿಯದು. ಕೊನೆಗೆ ಫಿಯೋ ಅನ್ನುವ ರಫ್ತು ಸಂಘಟನೆಗಳ ಒಕ್ಕೂಟದಲ್ಲಿ ಮಾಡಿಸಿದೆ. ಅವರು ಎಲ್ಲ ಥರದ ಮಾಲಿನವರನ್ನೂ ಸೇರಿಸಿಕೊಳ್ಳುತ್ತಾರೆ. ಹೊಸದಾಗಿ ರಫ್ತಿಗೆ ಇಳಿಯುವ ಸಣ್ಣ ಘಟಕದವರಿಗೆ ಆರ್‌ಸಿಎಂಸಿ ಖರ್ಚಿನ ಮುಕ್ಕಾಲು ಪಾಲು, ಒಂದು ಮಿತಿಯೊಳಗೆ, ಎಂಎಸ್‌ಎಂಇ (ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಸಚಿವಾಲಯ ವಾಪಸ್ ಕೊಡುತ್ತದೆ. ಮಾಲಿನ ಪರೀಕ್ಷೆಗೂ ರಫ್ತು ವಿಮೆಗೂ ಅದರಲ್ಲೇ ಬೇರೆ ಬೇರೆ ಮಿತಿ ಇದೆ. ಇದು ಸುಮಾರು ಜನಕ್ಕೆ ಗೊತ್ತೇ ಇಲ್ಲ. ಐಇಸಿ ಹಳೆಯದಾದರೆ ಸಿಗುವುದಿಲ್ಲ, ಆದ್ದರಿಂದ "ಇರಲಿ, ಯಾವಾಗಾದರೂ ಬೇಕಾಗುತ್ತದೆ" ಅಂತ ಐಇಸಿ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು ಕೂರಬೇಡಿ.

ಇನ್ನೊಂದು ಸಣ್ಣ ವಿಷಯ, ನನಗೆ ದೊಡ್ಡದಾಗಿ ಕಾಡಿದ್ದು. ಉದ್ಯಮ್‌ನಲ್ಲಿ ನನ್ನ ಘಟಕದ ಹೆಸರಿನ ಕೊನೆಗೆ "ಇಂಡಸ್ಟ್ರೀಸ್" ಇತ್ತು, ಜಿಎಸ್‌ಟಿಯಲ್ಲಿ "ಇಂಡಸ್ಟ್ರಿ", ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ನನ್ನ ಹೆಸರು, ಪಾಸ್‌ಪೋರ್ಟಿನಲ್ಲಿ ತವರಿನ ಇನಿಶಿಯಲ್. ಊರಲ್ಲಿ ಇದ್ದಾಗ ಇದೆಲ್ಲ ಒಂದೇ ಹೆಂಗಸು. ಸಬ್ಸಿಡಿ ಫೈಲಿನಲ್ಲಿ ನಾಲ್ಕು ಹೆಂಗಸರು. ಅರ್ಜಿ ಹಾಕುವ ಮೊದಲೇ ಎಲ್ಲ ಕಡೆ ಒಂದೇ ಹೆಸರು ಮಾಡಿಸಿ.

ನೇರ ವಿದೇಶಕ್ಕೆ ಹಾರಲಿಲ್ಲ. 2023ರ ಮಾರ್ಚ್‌ನಲ್ಲಿ ದೆಹಲಿಯ ಪ್ರಗತಿ ಮೈದಾನದ ಆಹಾರ್ ಅನ್ನುವ ಆಹಾರ, ಹೋಟೆಲ್ ಉದ್ಯಮದ ಮೇಳಕ್ಕೆ ಹೋದೆ. ದೇಶದೊಳಗಿನ ಮೇಳಗಳಿಗೆ ಪಿಎಂಎಸ್ ಅಂತ ಯೋಜನೆ ಇದೆ. ಸ್ಟಾಲ್ ಬಾಡಿಗೆಯಲ್ಲಿ ಸಾಮಾನ್ಯ ವರ್ಗದವರಿಗೆ 80 ಪರ್ಸೆಂಟ್, ಹೆಂಗಸರಿಗೆ, ಎಸ್‌ಸಿ ಎಸ್‌ಟಿಯವರಿಗೆ ಪೂರ್ತಿ, ಅಲ್ಲೂ ಒಂದು ಮಿತಿ ಇದ್ದೇ ಇದೆ. ಅಲ್ಲಿ ಆರ್ಡರ್ ಅಂತ ಹೇಳಿಕೊಳ್ಳುವಂಥದ್ದು ಬರಲಿಲ್ಲ. ಆದರೆ ದಿನಕ್ಕೆ ಹತ್ತು ತಾಸು ನಿಂತು ಒಂದೇ ಮಾತನ್ನು ನೂರು ಸಲ ಹೇಳುವ ಅಭ್ಯಾಸ ಆಯಿತು. ನನ್ನ ಕ್ಯಾಟಲಾಗ್ ಎಷ್ಟು ಕೆಟ್ಟದಾಗಿದೆ ಅನ್ನುವುದೂ ಗೊತ್ತಾಯಿತು. ತಟ್ಟೆಯ ಅಳತೆಯೆಲ್ಲ ಇಂಚಿನಲ್ಲಿ ಹಾಕಿದ್ದೆ. ಹೊರಗಿನವರು ಸೆಂಟಿಮೀಟರ್ ಕೇಳುತ್ತಾರೆ. ಕಾರ್ಟನ್ ಎಷ್ಟು ಉದ್ದ ಎಷ್ಟು ಅಗಲ, ಒಂದು ಕಾರ್ಟನ್ ತೂಕ ಎಷ್ಟು, 20 ಅಡಿ ಕಂಟೇನರ್‌ಗೆ ಎಷ್ಟು ಕಾರ್ಟನ್ ಹಿಡಿಯುತ್ತದೆ ಅಂತ ಕೇಳುತ್ತಾರೆ. ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪೆಚ್ಚು ಮೋರೆಯನ್ನು ದೆಹಲಿಯಲ್ಲೇ ಮುಗಿಸಿಕೊಂಡದ್ದು ಒಳ್ಳೆಯದಾಯಿತು.

ವಿದೇಶದ ಮೇಳಕ್ಕೆ ಆಗ ನನಗೆ ಗೊತ್ತಿದ್ದ ಬಾಗಿಲು ಎರಡು. ಒಂದು ಎಂಎಸ್‌ಎಂಇ ಸಚಿವಾಲಯದ ಇಂಟರ್‌ನ್ಯಾಷನಲ್ ಕೋಆಪರೇಷನ್ ಯೋಜನೆ, ಎಲ್ಲರೂ ಐಸಿ ಸ್ಕೀಮ್ ಅನ್ನುತ್ತಾರೆ. ಇನ್ನೊಂದು ವಾಣಿಜ್ಯ ಸಚಿವಾಲಯದ ಮಾರ್ಕೆಟ್ ಆಕ್ಸೆಸ್ ಇನಿಶಿಯೇಟಿವ್, ಅಂದರೆ ಎಂಎಐ. ಅದು ರಫ್ತು ಮಂಡಳಿಗಳ ಮೂಲಕ ಬರುತ್ತಿತ್ತು. ಐಸಿ ಸ್ಕೀಮ್‌ನಲ್ಲಿ ನಾವು ನೇರ ಸಚಿವಾಲಯಕ್ಕೆ ಅರ್ಜಿ ಹಾಕುವ ಹಾಗಿಲ್ಲ. ಸರ್ಕಾರಿ ಸಂಸ್ಥೆಯೋ ಕೈಗಾರಿಕಾ ಸಂಘವೋ ಒಂದು ಮೇಳಕ್ಕೆ ನಿಯೋಗ ಕಟ್ಟಿ ಮಂಜೂರಾತಿ ತರುತ್ತದೆ, ನಾವು ಆ ನಿಯೋಗದಲ್ಲಿ ಒಬ್ಬರಾಗುತ್ತೇವೆ. ಆದ್ದರಿಂದ ನಿಮ್ಮ ಅರ್ಧ ಹಣೆಬರಹ ಆ ಸಂಸ್ಥೆ ಎಷ್ಟು ಚುರುಕು ಅನ್ನುವುದರ ಮೇಲೆ ನಿಂತಿದೆ. ನಾನು ಹೋದ ಸಂಸ್ಥೆಯ ಹೆಸರು ಹೇಳುವುದಿಲ್ಲ. ಕೆಟ್ಟವರಲ್ಲ, ಆದರೆ ನಿಧಾನ. ಹಿಂದಿನ ವರ್ಷ ಅವರ ಜೊತೆ ಹೋದ ಇಬ್ಬರ ನಂಬರ್ ಇಸಿದುಕೊಂಡು "ದುಡ್ಡು ಬಂತಾ, ಎಷ್ಟು ತಿಂಗಳಿಗೆ ಬಂತು" ಅಂತ ಕೇಳುವುದು ಸಾವಿರ ಸುತ್ತೋಲೆ ಓದಿದ್ದಕ್ಕಿಂತ ಮೇಲು. ನಾನು ಕೇಳಲಿಲ್ಲ. ಶಿವಮೊಗ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಬ್ಬ ಅಧಿಕಾರಿ ಪುಣ್ಯಾತ್ಮರು ಕೂರಿಸಿಕೊಂಡು ಎಲ್ಲ ವಿವರಿಸಿದ್ದರು, ರಾಜ್ಯದ ರಫ್ತು ಉತ್ತೇಜನ ಕೇಂದ್ರವಾದ ಬೆಂಗಳೂರಿನ ವಿಟಿಪಿಸಿಯ ತರಬೇತಿಗೆ ಹೋಗಿ ಎಂದೂ ಅವರೇ ಹೇಳಿದ್ದರು. ಯಾವ ವರ್ಷ ಎಷ್ಟು ಮಿತಿ, ಯಾರಿಗೆ ಎಷ್ಟು ಪಾಲು ಅನ್ನುವುದು ಬದಲಾಗುತ್ತಿರುತ್ತದೆ, ನನ್ನ ಅಂಕಿ ನೋಡಿ ಲೆಕ್ಕ ಹಾಕಬೇಡಿ, ಆ ವರ್ಷದ ಮಾರ್ಗಸೂಚಿಯನ್ನೇ ಓದಿ.

ನಾನು ಆರಿಸಿದ್ದು ಫ್ರಾಂಕ್‌ಫರ್ಟ್‌ನ ಆಂಬಿಯೆಂಟೆ. ಪಾತ್ರೆ, ತಟ್ಟೆ, ಮನೆ ಸಾಮಾನು, ಹೋಟೆಲ್ ಸಾಮಾನಿನ ದೊಡ್ಡ ಮೇಳ. 2024ರಲ್ಲಿ ಜನವರಿ 26ರಿಂದ 30ರ ತನಕ ಇತ್ತು. ಆರು ಚದರ ಮೀಟರ್ ಸ್ಟಾಲ್‌ಗೆ 3 ಲಕ್ಷ 42 ಸಾವಿರ. ಆರು ಚದರ ಮೀಟರ್ ಅಂದರೆ ನಮ್ಮ ಮನೆಯ ಬಚ್ಚಲಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ನಮ್ಮ ಭಾವ ಅದನ್ನು ಕೇಳಿ, "ಅಷ್ಟು ದುಡ್ಡಿಗೆ ಇಲ್ಲಿ ಹತ್ತು ಗುಂಟೆ ತೋಟ ಬರ್ತಿತ್ತಲ್ಲ ಮಾರಾಯ್ತಿ" ಅಂದರು. ಐದು ದಿನದ ಬಾಡಿಗೆ ಅಂತ ಹೇಳಲೇ ಇಲ್ಲ.

ಹೋಗುವ ಮೊದಲು ಪರೀಕ್ಷೆ. ಜರ್ಮನಿಯಲ್ಲಿ ಊಟ ತಾಗುವ ಸಾಮಾನಿಗೆ ಎಲ್‌ಎಫ್‌ಜಿಬಿ ಅಂತ ಕಾಯಿದೆ. ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಮಾಡಿಸಿದೆ, 38 ಸಾವಿರ. ತಟ್ಟೆಯಿಂದ ಏನಾದರೂ ಊಟಕ್ಕೆ ಇಳಿಯುತ್ತದಾ ನೋಡುತ್ತಾರೆ, ವಾಸನೆ ರುಚಿ ಊಟಕ್ಕೆ ಹತ್ತುತ್ತದಾ ಅನ್ನುವುದನ್ನೂ ನೋಡುತ್ತಾರೆ. ಈ ವಾಸನೆ ಮಾತು ಆಗ ತಮಾಷೆ ಅನ್ನಿಸಿತ್ತು.

ವೀಸಾಕ್ಕೆ ಆಗ 80 ಯೂರೋ, ಜೊತೆಗೆ ಏಜೆನ್ಸಿಯ ಫೀ, ವಿಮೆ. ತಾಳಗುಪ್ಪ–ಮೈಸೂರು ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಅದೇ ರಾತ್ರಿ ವಾಪಸ್. ಟಿಕೆಟ್ 71 ಸಾವಿರ. ಎಕಾನಮಿ ಟಿಕೆಟ್ಟಿಗೆ ಮಾತ್ರ ಸಬ್ಸಿಡಿ, ಒಂದು ಘಟಕಕ್ಕೆ ಒಬ್ಬರಿಗೆ. ಮಗನನ್ನೂ ಕರೆದುಕೊಂಡು ಹೋಗುವ ಆಸೆ ಇತ್ತು, ಅವನ ಟಿಕೆಟ್ ನಮ್ಮ ಖರ್ಚೇ ಆಗುತ್ತಿತ್ತು. ಬೇಡ ಅಂದುಕೊಂಡೆ. ಈಗ ಅನ್ನಿಸುತ್ತದೆ, ಬಂದಿದ್ದರೆ ಒಳ್ಳೆಯದಿತ್ತು. ಒಬ್ಬರೇ ಇದ್ದರೆ ಬಚ್ಚಲಿಗೆ ಹೋಗಲೂ ಪಕ್ಕದ ಸ್ಟಾಲಿನವರ ಕೈಕಾಲು ಹಿಡಿಯಬೇಕು.

ಸ್ಯಾಂಪಲ್‌ಗಳನ್ನು ಸಂಸ್ಥೆಯವರ ಸಾಮೂಹಿಕ ಕಾರ್ಗೋದಲ್ಲಿ ಕಳಿಸಿ ಅಂದರು. ಕಳಿಸಿದೆ. ಆದರೂ ಯಾಕೋ ಮನಸ್ಸು ಒಪ್ಪದೆ ಎರಡು ಸೂಟ್‌ಕೇಸ್ ತುಂಬ ತಟ್ಟೆ ಬಟ್ಟಲು ನಾನೇ ಹೊತ್ತುಕೊಂಡು ಹೋದೆ, ಬಟ್ಟೆಯೆಲ್ಲ ಕೈಚೀಲದಲ್ಲಿ. ಕಾರ್ಗೋ ಮುಟ್ಟಿದ್ದು ಮೇಳದ ಎರಡನೇ ದಿನ ಮಧ್ಯಾಹ್ನ. ಅದನ್ನೇ ನಂಬಿದ್ದ ಪಕ್ಕದವರು ಮೊದಲ ದಿನ ಖಾಲಿ ಹಲಗೆ ಮುಂದೆ ಮೊಬೈಲ್‌ನಲ್ಲಿ ಫೋಟೊ ತೋರಿಸುತ್ತ ನಿಂತಿದ್ದರು. ನೋಡಿ ಹೊಟ್ಟೆ ಉರಿಯಿತು.

ಜನವರಿ 24ರ ಬೆಳಿಗ್ಗೆ ಇಳಿದರೆ ಜರ್ಮನಿಯ ರೈಲು ಚಾಲಕರ ಮುಷ್ಕರ ಆವತ್ತೇ ಶುರು. ನಮ್ಮೂರಲ್ಲಿ ಬಸ್ ಮುಷ್ಕರ ಆದರೆ ಹೇಗೋ ಒಂದು ಜೀಪು ಸಿಗುತ್ತದೆ. ಇಲ್ಲಿ ಮೇಳದ ಹೊತ್ತಲ್ಲಿ ಹೋಟೆಲಿನ ದರ ಮೂರು ಪಟ್ಟು ಅಂತ ನಾವು ಮೂವರು ಹೆಂಗಸರು ಪಕ್ಕದ ಆಫೆನ್‌ಬಾಖ್‌ನಲ್ಲಿ ಒಂದು ಮನೆ ಹಿಡಿದಿದ್ದೆವು, ಅಲ್ಲಿಂದ ಸಿಟಿ ರೈಲಿನಲ್ಲಿ ಸಲೀಸು ಅಂದುಕೊಂಡು. ಸಿಟಿ ರೈಲೂ ಸರಿಯಾಗಿ ಇಲ್ಲ. ಟ್ಯಾಕ್ಸಿ, ಟ್ರಾಮ್, ನಡಿಗೆ. ಆ ಚಳಿಯಲ್ಲಿ ಸೀರೆ ಒಳಗೆ ಎರಡು ಪ್ಯಾಂಟ್ ಹಾಕಿಕೊಂಡು ಸೂಟ್‌ಕೇಸ್ ಎಳೆದದ್ದನ್ನು ನೆನೆದರೆ ಈಗ ನಗು ಬರುತ್ತದೆ. ಮೇಳದ ಮೈದಾನದ ಹತ್ತಿರ ಒಂದು ಎತ್ತರದ ಕಪ್ಪು ಮನುಷ್ಯನ ಪ್ರತಿಮೆ ಇದೆ, ಸುತ್ತಿಗೆ ಹಿಡಿದ ಕೈ ನಿಧಾನಕ್ಕೆ ಏಳುತ್ತದೆ, ಇಳಿಯುತ್ತದೆ. ನಮ್ಮ ಪ್ರೆಸ್ ಎಳೆಯುವ ಮಾಣಿಯ ನೆನಪಾಯಿತು. ಮನೆಗೆ ಫೋಟೊ ಕಳಿಸಿದೆ.

ಮೇಳದ ಮೊದಲ ದಿನ ಬೆಳಿಗ್ಗೆ ನೋಡಿದರೆ ಹಾಳೆ ತಟ್ಟೆಯ ಸ್ಟಾಲ್‌ಗಳು ಸಾಲಾಗಿ ಮೂರು. ನಂದು ಒಂದು, ತಮಿಳುನಾಡಿನವರದು ಒಂದು, ಕಾಸರಗೋಡಿನವರದು ಇನ್ನೊಂದು. ಒಂದೇ ಮಾಲು, ಮೂರು ಬೋರ್ಡು. ಯಾರು ಹೀಗೆ ಹಂಚಿದರೋ ಅವರಿಗೆ ಒಂದು ದಿನವೂ ವ್ಯಾಪಾರ ಮಾಡಿ ಗೊತ್ತಿರಲಿಕ್ಕಿಲ್ಲ. ಬಯರ್ ಬರುತ್ತಾನೆ, ನನ್ನ ಹತ್ತಿರ ದರ ಕೇಳುತ್ತಾನೆ, ಪಕ್ಕಕ್ಕೆ ಹೋಗಿ ಅದೇ ತಟ್ಟೆಗೆ ದರ ಕೇಳುತ್ತಾನೆ, ಎರಡು ಹೆಜ್ಜೆ ಆಚೆ ಹೋಗಿ ಮತ್ತೆ ಕೇಳುತ್ತಾನೆ. ಸಂಜೆ ಹೊತ್ತಿಗೆ ನಾವು ಮೂವರೂ ಸೇರಿ, ಅರ್ಥಾತ್ ಒಬ್ಬರ ಮೇಲೊಬ್ಬರು ಬಿದ್ದು, ದರವನ್ನು ಒಂಬತ್ತು ಪರ್ಸೆಂಟ್ ಇಳಿಸಿದ್ದೆವು. ಒಬ್ಬ ಬಯರೂ ಬಾಯಿಬಿಟ್ಟು ಕಡಿಮೆ ಮಾಡಿ ಅಂದಿರಲಿಲ್ಲ.

ಕಾಸರಗೋಡಿನವರು ಕನ್ನಡದವರೇ. ಅಡ್ಯನಡ್ಕ ಹತ್ತಿರ ನಮ್ಮ ದೂರದ ಸಂಬಂಧವೊಂದನ್ನೂ ಹುಡುಕಿ ತೆಗೆದರು. ಆವತ್ತು ರಾತ್ರಿ ಅವರನ್ನೂ ತಮಿಳುನಾಡಿನವರನ್ನೂ ನಮ್ಮ ಬಾಡಿಗೆ ಮನೆಗೆ ಕರೆದು ಸಾರು ಅನ್ನ ಮಾಡಿ ಹಾಕಿದೆ. ಊಟ ನಮ್ಮ ನಮ್ಮ ತಟ್ಟೆಯಲ್ಲೇ. ಊಟ ಮುಗಿಯುವಷ್ಟರಲ್ಲಿ ಒಪ್ಪಂದ ಆಯಿತು: ಚೌಕದ ದೊಡ್ಡ ತಟ್ಟೆ ನಾನು ಮುಂದಿಡುವುದು, ಬಟ್ಟಲು ಒಬ್ಬರು, ಟ್ರೇ ಇನ್ನೊಬ್ಬರು. ಬಯರ್ ಬೇರೆಯದು ಕೇಳಿದರೆ ಪಕ್ಕಕ್ಕೆ ಕಳಿಸುವುದು. ಉಳಿದ ನಾಲ್ಕು ದಿನ ದರ ಇಳಿಯಲಿಲ್ಲ.

ಇನ್ನು ವಾಸನೆ ವಿಷಯ. ಜರ್ಮನಿಯವರು ತಟ್ಟೆ ಕೈಗೆ ತೆಗೆದುಕೊಂಡ ತಕ್ಷಣ ಮೊದಲು ಮಾಡುವ ಕೆಲಸ ಮೂಗಿಗೆ ಹಿಡಿಯುವುದು. ಬೆಲೆ ಆಮೇಲೆ. ನಮ್ಮ ತಟ್ಟೆಗೆ ಒಂಥರಾ ಸುಟ್ಟ ಹುಲ್ಲಿನ ವಾಸನೆ ಇದೆ. ನಮಗೆ ಗೊತ್ತಾಗುವುದೇ ಇಲ್ಲ, ಅದರಲ್ಲೇ ಬದುಕುವವರು ನಾವು. ಬಿಸಿ ಜಾಸ್ತಿಯಾಗಿ ಒತ್ತಿದ ತಟ್ಟೆಗೆ ಆ ವಾಸನೆ ಹೆಚ್ಚು. ಎರಡನೇ ದಿನ ಸೂಟ್‌ಕೇಸಿನಲ್ಲಿದ್ದ ಅಷ್ಟೂ ತಟ್ಟೆಯನ್ನು ನಾನೂ ಒಂದೊಂದಾಗಿ ಮೂಸಿ ನೋಡಿ ಕಂದು ತಿರುಗಿದ್ದನ್ನೆಲ್ಲ ತೆಗೆದು ಒಳಗೆ ಹಾಕಿದೆ. ಒಂದು ಬಟ್ಟಲಿಗೆ ಕೆಟಲ್‌ನ ಕುದಿಯುವ ನೀರು ಹಾಕಿ ಮೇಜಿನ ಮೇಲೆ ಇಟ್ಟುಬಿಟ್ಟೆ. ಅರ್ಧ ಗಂಟೆ ಆದಮೇಲೂ ಸೋರದ್ದನ್ನು ನೋಡಿ ಜನ ನಿಲ್ಲುತ್ತಿದ್ದರು. ಅಷ್ಟು ದುಡ್ಡು ಕೊಟ್ಟು ಅಚ್ಚು ಹಾಕಿಸಿದ ಪೋಸ್ಟರ್ ನೋಡಿ ಒಬ್ಬರೂ ನಿಲ್ಲಲಿಲ್ಲ.

ಮೂರನೇ ದಿನ ಒಬ್ಬ ವಯಸ್ಸಾದ ಹೆಂಗಸು ಬಂದರು. ಸಾವಯವ ಅಂಗಡಿಗಳಿಗೆ ಸಾಮಾನು ಕೊಡುವ ಸಣ್ಣ ಕಂಪನಿ ಅವರದು. ಕನ್ನಡಕ ಹಣೆಗೆ ಏರಿಸಿ ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದರು. ಅಂಚಿನ ಹತ್ತಿರ ಒಂದು ಕಡೆ, ನಾರಿನ ಗೆರೆಯ ನಡುವೆ, ತೆಳ್ಳಗೆ ನೀಲಿ ಬಣ್ಣ. ನಾನು ಏಳೆಂಟು ವರ್ಷದಲ್ಲಿ ಅಂಥ ಸಾವಿರ ತಟ್ಟೆ ನೋಡಿದ್ದೆ, ಒಂದು ದಿನವೂ ಯೋಚಿಸಿರಲಿಲ್ಲ. "ಇದೇನು?" ಅಂದರು. ನನಗೆ ಗೊತ್ತಿತ್ತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ನಾವು ಗೊನೆಗೆ ಬೋರ್ಡೋ ಹೊಡೆಯುತ್ತೇವಲ್ಲ, ಮೈಲುತುತ್ತ ಮತ್ತು ಸುಣ್ಣ, ಅದು ಹಾಳೆಯ ಮೇಲೂ ಇಳಿಯುತ್ತದೆ. ಸುಳ್ಳು ಹೇಳಬಹುದಿತ್ತು. ನಾಲಿಗೆ ಬರಲಿಲ್ಲ. ಬರುವ ಇಂಗ್ಲಿಷಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ತಾಮ್ರ ಅಂತ ಕೇಳಿದ ಕೂಡಲೇ ಅವರು ತಟ್ಟೆ ಕೆಳಗಿಟ್ಟರು. ಹೋಯಿತು ಅಂದುಕೊಂಡೆ. ಅವರು ಹೋಗಲಿಲ್ಲ. ಔಷಧಿ ತಾಗದ ಹಾಳೆಯನ್ನು ಬೇರೆ ಮಾಡಲು ಆಗುತ್ತದಾ, ಅದನ್ನು ನಾನು ಕಾಗದದಲ್ಲಿ ತೋರಿಸಬಲ್ಲೆನಾ ಅಂತ ಕೇಳಿದರು. ಹದಿನೈದು ದಿನ ಟೈಮ್ ಕೊಡಿ ಅಂದೆ.

ಐದು ದಿನದಲ್ಲಿ ಸಿಕ್ಕಿದ್ದು 63 ವಿಸಿಟಿಂಗ್ ಕಾರ್ಡ್. ಪ್ರತಿ ರಾತ್ರಿ ಮಲಗುವ ಮೊದಲು ಆವತ್ತಿನ ಎಲ್ಲರಿಗೂ ಎರಡು ಸಾಲಿನ ಮೇಲ್ ಹಾಕಿದೆ, ಅವರ ಕೈಯಲ್ಲಿ ನನ್ನ ತಟ್ಟೆ ಇದ್ದ ಫೋಟೊ ಇದ್ದರೆ ಅದನ್ನೂ. ಊರಿಗೆ ಬಂದು ಸುಸ್ತು ಆರಿಸಿಕೊಂಡು ಮೇಲ್ ಹಾಕುವ ಹೊತ್ತಿಗೆ ಅವರಿಗೆ ನಿಮ್ಮ ಮುಖ ಮರೆತಿರುತ್ತದೆ. ಉತ್ತರ ಬಂದದ್ದು ಒಂಬತ್ತು ಜನರಿಂದ. ಸ್ಯಾಂಪಲ್ ತರಿಸಿಕೊಂಡವರು ಇಬ್ಬರು. ಆರ್ಡರ್ ಕೊಟ್ಟದ್ದು ಒಬ್ಬರು. ಆ ನೀಲಿ ಕಲೆಯ ಅಮ್ಮನೇ.

ನಾವು ಜನವರಿ 31ಕ್ಕೆ ಹೊರಟೆವು. ಮರುದಿನ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲೇ ಭದ್ರತಾ ಸಿಬ್ಬಂದಿ ಮುಷ್ಕರವಂತೆ. ಒಂದು ದಿನ ತಡ ಮಾಡಿದ್ದರೆ ಅಲ್ಲೇ ಕೂತಿರಬೇಕಿತ್ತು.

ಈಗ ಬೋರ್ಡಿಂಗ್ ಪಾಸ್ ಕಥೆ. ದುಡ್ಡು ವಾಪಸ್ ಕೇಳಲು ಕೊಡಬೇಕಾದ ಕಾಗದಗಳು: ಸ್ಟಾಲ್ ಬಿಲ್, ಆ ಬಿಲ್ಲಿಗೆ ನಮ್ಮ ಘಟಕದ ಖಾತೆಯಿಂದಲೇ ದುಡ್ಡು ಹೋದ ಬ್ಯಾಂಕ್ ದಾಖಲೆ, ಟಿಕೆಟ್, ಹೋಗುವ ಬರುವ ಎಲ್ಲ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಸೀಲ್ ಬಿದ್ದ ಪುಟಗಳು, ಸ್ಟಾಲಿನಲ್ಲಿ ನಾನು ನಿಂತ ಫೋಟೊ, ಸಿಎ ಸರ್ಟಿಫಿಕೇಟ್, ಬೇರೆ ಯಾವ ಯೋಜನೆಯಲ್ಲೂ ಇದೇ ಖರ್ಚಿಗೆ ದುಡ್ಡು ಕೇಳಿಲ್ಲ ಅಂತ ಪ್ರಮಾಣಪತ್ರ, ರೆವಿನ್ಯೂ ಸ್ಟಾಂಪ್ ಹಚ್ಚಿ ಸಹಿ ಮಾಡಿದ ರಸೀತಿ, ಎಷ್ಟು ಜನ ಬಂದರು ಎಷ್ಟು ವಿಚಾರಣೆ ಆಯಿತು ಅನ್ನುವ ವರದಿ. ನಾನು ಗಲ್ಫ್ ಮೂಲಕ ಹೋದವಳು, ಆದ್ದರಿಂದ ಬೋರ್ಡಿಂಗ್ ಪಾಸ್ ನಾಲ್ಕು. ಮನೆಗೆ ಬಂದು ಎಣಿಸಿದರೆ ಮೂರೇ. ನಾಲ್ಕನೆಯದು ವಿಮಾನದ ಸೀಟಿನ ಚೀಲದಲ್ಲಿ ಚಾಕೊಲೇಟ್ ಕಾಗದದ ಜೊತೆ ಹೋಗಿತ್ತು.

ಆ ಒಂದು ಚೀಟಿಗೆ ನಾನು ಏಳು ವಾರ ಓಡಾಡಿದೆ. ಸಂಸ್ಥೆಯವರು ಅದಿಲ್ಲದೆ ಫೈಲ್ ಮುಂದೆ ಕಳಿಸುವುದಿಲ್ಲ ಅಂದರು. ಪಾಸ್‌ಪೋರ್ಟಿನಲ್ಲಿ ಸೀಲ್ ಇದೆ, ಬೆಂಗಳೂರಿನಲ್ಲಿ ಇಳಿದಿದ್ದೇನೆ, ಹಾರಿಕೊಂಡು ಬಂದೆನಾ ಅಂತ ಕೇಳಿದೆ. ಅವರು ನಕ್ಕರು, ಫೈಲ್ ಕದಲಲಿಲ್ಲ. ವಿಮಾನ ಕಂಪನಿಗೆ ಮೇಲ್ ಮೇಲೆ ಮೇಲ್ ಹಾಕಿ, "ಇವರು ಆ ದಿನ ಆ ವಿಮಾನದಲ್ಲಿ ಪ್ರಯಾಣ ಮಾಡಿದ್ದಾರೆ" ಅಂತ ಒಂದು ಪತ್ರ ತರಿಸಿಕೊಂಡೆ. ಅದು ನಡೆಯಿತು. ಮೊಬೈಲಿನಲ್ಲಿ ಬೋರ್ಡಿಂಗ್ ಪಾಸ್ ತೋರಿಸುವವರು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆದರೂ ಕೌಂಟರ್‌ಗೆ ಹೋಗಿ ಕಾಗದದ್ದೂ ಕೇಳಿ ಇಸಿದುಕೊಳ್ಳಿ.

ಆಮೇಲೆ ಸಿಎ ಸರ್ಟಿಫಿಕೇಟಿನಲ್ಲಿ ಘಟಕದ ಹೆಸರಲ್ಲಿ ಒಂದು ಅಕ್ಷರ ಹೆಚ್ಚು ಅಂತ ಒಂದು ಸಲ ವಾಪಸ್ ಬಂತು. ಮತ್ತೆ ಚುನಾವಣೆ. ಮತ್ತೆ ಫೈಲ್ ದೆಹಲಿಯಲ್ಲಿ ಅನ್ನುವ ಉತ್ತರ. 2024ರ ಡಿಸೆಂಬರ್ ಕೊನೆಯಲ್ಲಿ, ಒಂದು ಗುರುವಾರ, ನಾನು ಹಾಳೆ ಆರಿಸುತ್ತಿದ್ದಾಗ ಮೊಬೈಲ್ ಟಿಂಗ್ ಅಂತು. ಸ್ಟಾಲ್‌ಗೆ 3 ಲಕ್ಷ, ಟಿಕೆಟ್ಟಿಗೆ 71 ಸಾವಿರ. ಭಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಬಡ್ಡಿ ಹಾಕಿಲ್ವಲ್ಲ" ಅಂದರು.

ಆರ್ಡರ್ ಮೊದಲ ಸಲ 40 ಕಾರ್ಟನ್, ಬೇರೆಯವರ ಮಾಲಿನ ಜೊತೆ ಹಂಚಿಕೊಂಡ ಕಂಟೇನರ್‌ನಲ್ಲಿ, ವೈಟ್‌ಫೀಲ್ಡ್‌ನಿಂದ ಚೆನ್ನೈ ಮೂಲಕ ಹೋಯಿತು. ಅದಕ್ಕೆ ಬ್ಯಾಂಕಿನಿಂದ ಎಡಿ ಕೋಡ್ (ರಫ್ತಿನ ದುಡ್ಡು ಬರುವ ಬ್ಯಾಂಕಿನ ಗುರುತಿನ ಸಂಖ್ಯೆ) ತಂದು ಕಸ್ಟಮ್ಸ್‌ನಲ್ಲಿ ದಾಖಲು ಮಾಡಿಸಬೇಕು, ಮರದ ಪ್ಯಾಲೆಟ್ ಆದರೆ ಬಿಸಿ ಸಂಸ್ಕರಣೆಯ ಮುದ್ರೆ ಇರಬೇಕು, ಇದೆಲ್ಲ ಕ್ಲಿಯರಿಂಗ್ ಏಜೆಂಟ್ ಹೇಳಿಕೊಡುತ್ತಾರೆ. ನನ್ನ ತಲೆನೋವು ಹಾಳೆ ಬೇರೆ ಮಾಡುವುದಿತ್ತು. ಬೋರ್ಡೋ ಹೊಡೆದ ತೋಟ ಯಾವುದು, ಯಾವ ತಿಂಗಳು ಬಿದ್ದ ಹಾಳೆ ಅಂತ ಗೋಣಿಗೆ ಚೀಟಿ ಕಟ್ಟಿದೆ. ಹಾಳೆ ತರುವವರಿಗೆ ಮೊದಲು ಇದು ಹುಚ್ಚು ಅನ್ನಿಸಿತು. ಚೀಟಿ ಇರುವ ಹಾಳೆಗೆ ನಾಲ್ಕಾಣೆ ಜಾಸ್ತಿ ಅಂದಮೇಲೆ ಎಲ್ಲರಿಗೂ ಬರೆಯಲು ಬಂತು. ಆ ಅಮ್ಮ ಈಗ ಮೂರು ಸಲ ತರಿಸಿಕೊಂಡಿದ್ದಾರೆ. ಅವರು ಕೊಡುವ ದರ ಬೆಂಗಳೂರಿನ ವ್ಯಾಪಾರಿ ಕೊಡುತ್ತಿದ್ದದ್ದರ ಎರಡು ಪಟ್ಟಿಲ್ಲ, ಖರ್ಚು ಕಳೆದು ತಟ್ಟೆಗೆ ಒಂದು ರೂಪಾಯಿ ಇಪ್ಪತ್ತು ಪೈಸೆ ಜಾಸ್ತಿ ಉಳಿಯುತ್ತದೆ.

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ (ಎಫ್‌ಡಿಎ) ಅಡಿಕೆ ಹಾಳೆಯ ತಟ್ಟೆ ಊಟಕ್ಕೆ ಬೇಡ, ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಅನ್ನುವ ರಾಸಾಯನಿಕ ಊಟಕ್ಕೆ ಇಳಿಯಬಹುದು ಅಂದಿತು. ಬೆಂಗಳೂರಿನ ವ್ಯಾಪಾರಿಯ ಫೋನ್ ಆ ವಾರವೇ ಬಂತು, ಮಾಲು ಕಳಿಸಬೇಡಿ ಅಂತ. ಅವರ ಹೆಚ್ಚಿನ ವ್ಯಾಪಾರ ಅಮೆರಿಕಕ್ಕೇ. ಅಟ್ಟದ ತುಂಬ ಹಾಳೆ, ಆರು ಪ್ರೆಸ್‌ನಲ್ಲಿ ನಾಲ್ಕು ನಿಂತವು. ಎರಡನ್ನು ನಡೆಸಿದ್ದು ಜರ್ಮನಿಯ ಆರ್ಡರ್ ಮತ್ತು ಇಲ್ಲಿನ ಮದುವೆ ಉಪನಯನಗಳು. ಜರ್ಮನಿಯ ಅಮ್ಮನೂ ಸುಮ್ನೆ ಕೂರಲಿಲ್ಲ, ಅರೆಕೋಲಿನ್ (ಅಡಿಕೆಯ ಆ ಆಲ್ಕಲಾಯ್ಡ್‌ಗಳಲ್ಲಿ ಒಂದು) ಪರೀಕ್ಷೆ ಮಾಡಿಸಿ ವರದಿ ಕಳಿಸಿ ಅಂದರು. ತಿಂಗಳವಾರು ಚೀಟಿ ಇದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು, ಪ್ರತಿ ಗುಂಪಿನಿಂದ ಒಂದೊಂದು ತಟ್ಟೆ ಲ್ಯಾಬಿಗೆ ಕೊಟ್ಟೆ. ವರದಿ ನೋಡಿ ಅವರು ಆರ್ಡರ್ ಮುಂದುವರಿಸಿದರು, ಆದರೆ ಪ್ರತಿ ಸಲದ ಮಾಲಿಗೂ ಹೊಸ ವರದಿ ಬೇಕು ಅಂತ ಷರತ್ತು ಹಾಕಿದ್ದಾರೆ.

ಈ ಸಲದ ಮೇಳದ ಸುತ್ತೋಲೆ ಬಂದಾಗ ಕಾಸರಗೋಡಿನ ಅಣ್ಣ ಫೋನ್ ಮಾಡಿದರು. ಮೂವರೂ ಬೇರೆ ಬೇರೆ ಸ್ಟಾಲ್ ತೆಗೆದುಕೊಂಡು ಮತ್ತೆ ಒಬ್ಬರ ಪಕ್ಕ ಒಬ್ಬರು ನಿಲ್ಲುವ ಬದಲು ಒಂದೇ ದೊಡ್ಡ ಸ್ಟಾಲ್ ಹಿಡಿಯೋಣ, ಒಂದೇ ಬೋರ್ಡು ಹಾಕೋಣ ಅಂತ. ನನಗೆ ಪೂರ್ತಿ ಒಪ್ಪಿಗೆ. ಸಂಸ್ಥೆಗೆ ಕೇಳಿದೆವು. ಒಂದು ಸ್ಟಾಲ್, ಮೂರು ಉದ್ಯಮ್ ನಂಬರ್, ಸಬ್ಸಿಡಿ ಯಾರ ಹೆಸರಿಗೆ ಮಾಡುವುದು, ಹಾಗೆ ಮಾಡಿದ ಉದಾಹರಣೆ ಇಲ್ಲ, ಬರೆದು ಕೊಡಿ ನೋಡೋಣ ಅಂದರು. ಬರೆದು ಕೊಟ್ಟು ಆರು ವಾರ ಆಯಿತು. ಅರ್ಜಿಗೆ ಇನ್ನು ಹನ್ನೆರಡು ದಿನ ಉಳಿದಿದೆ. ಮಗ ಮಾತ್ರ ಈಗಲೇ ಒಂದು ಬಿಸ್ಕತ್ ಡಬ್ಬಿ ಖಾಲಿ ಮಾಡಿ, ಮುಚ್ಚಳದ ಮೇಲೆ "ಬೋರ್ಡಿಂಗ್ ಪಾಸ್" ಅಂತ ಬರೆದು ನನ್ನ ಸೂಟ್‌ಕೇಸಿನೊಳಗೆ ಹಾಕಿಟ್ಟಿದ್ದಾನೆ.